ತಪ್ಪು ಹಿಡಿಯುವ ಗೆಟ್ಸೆಲ್

ಗೆಟ್ಸೆಲ್ ವೈನ್‌ಟ್ರಾಬ್ ಬ್ರನ್ಸ್‌ವಿಕ್‌ನ ಕಾಲುಚೀಲದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದ. ಅವನ ಕೆಲಸ ತಪ್ಪು ಹುಡುಕುವುದು. ಮರದ ಕಾಲಿಗೆ ಚೀಲ ತೊಡಿಸಿ, ದೀಪದ ಮುಂದೆ ಒಂದು ಸುತ್ತು ತಿರುಗಿಸಿ, ಹೆಣಿಗೆ ಎಲ್ಲಾದರೂ ಬಿಟ್ಟುಹೋಗಿದ್ದರೆ ಎಡಗಡೆಯ ಬುಟ್ಟಿಗೆ ಎಸೆಯುವುದು. ಶನಿವಾರ ಕಾರ್ಖಾನೆಗೆ ಹೋಗುತ್ತಿರಲಿಲ್ಲ, ಕಾರ್ಲ್‌ಟನ್‌ನ ನಮ್ಮ ಶೂಲ್‌ಗೆ, ಅಂದರೆ ಯೆಹೂದಿಗಳಾದ ನಮ್ಮ ಪ್ರಾರ್ಥನೆಯ ಮನೆಗೆ, ಬರುತ್ತಿದ್ದ. ಅಲ್ಲೂ ಅದೇ ಕೆಲಸ. ಧರ್ಮಗ್ರಂಥದ ಸುರುಳಿ ಓದುವವನ ಬಲಗಡೆ ನಿಲ್ಲುವನು. ಕಣ್ಣು ಅಕ್ಷರದ ಮೇಲೆ, ಕಿವಿ ಓದುವವನ ಬಾಯಿಯ ಮೇಲೆ. ಒಂದು ಸ್ವರ ಜಾರಿದರೂ ಮೇಜು ಕುಟ್ಟಿ ಸರಿಯಾದದ್ದನ್ನು ಕೂಗಿ ಹೇಳುವನು. ಸಂಬಳವಿಲ್ಲದ ಕೆಲಸ. ಆದರೆ ಕಾರ್ಖಾನೆಯದು ಹೊಟ್ಟೆಪಾಡು, ಇದೇ ನನ್ನ ಉದ್ಯೋಗ ಎಂದು ಅವನು ತಿಳಿದಿದ್ದ.

ಮೊಸರಿನಲ್ಲಿ ಕಲ್ಲು ಹುಡುಕುವವನು ಎಂದು ಎಲ್ಲರೂ ಅವನನ್ನು ಆಡಿಕೊಳ್ಳುತ್ತಿದ್ದರು. ನಾನು ಒಂದು ಕೈ ಜಾಸ್ತಿಯೇ. ನನ್ನದು ಲೈಗನ್ ಬೀದಿಯಲ್ಲಿ ಕ್ಷೌರದಂಗಡಿ. ಕುರ್ಚಿಯಲ್ಲಿ ಕೂತವನನ್ನು ನಗಿಸದೆ ಎಬ್ಬಿಸಿ ಕಳಿಸಿದರೆ ನನಗೆ ಅವತ್ತು ಊಟ ಸೇರುತ್ತಿರಲಿಲ್ಲ. ಆದರೆ ಗೆಟ್ಸೆಲ್‌ನ ಕಿವಿ ಸುಳ್ಳು ಹೇಳುವುದಿಲ್ಲ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಯುದ್ಧ ಮುಗಿದು ಅವನು ಹಡಗು ಹತ್ತಿ ಇಲ್ಲಿಗೆ ಬರುವಾಗ ಪೋಲೆಂಡಿನ ಅವನ ಊರಿನಲ್ಲಿ ಅವನವರು ಅಂತ ಒಬ್ಬರೂ ಉಳಿದಿರಲಿಲ್ಲ. ನಮ್ಮೆಲ್ಲರದೂ ಅದೇ ಕಥೆ, ಹಾಗಾಗಿ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಇಲ್ಲಿ ಮದುವೆಯಾದ ಹೆಂಡತಿಯೂ ಆರು ವರ್ಷದ ಹಿಂದೆ ತೀರಿಕೊಂಡಿದ್ದಳು. ಅಪ್ಪ ಕಿವಿ ಹಿಂಡಿ ಕಲಿಸಿದ ಪಾಠ ಮಾತ್ರ ಅಕ್ಷರ ತಪ್ಪದೆ ಅವನ ಹತ್ತಿರ ಉಳಿದಿತ್ತು.

ಅಂಥ ಗೆಟ್ಸೆಲ್ ಜೀವಮಾನದಲ್ಲಿ ಒಂದು ತಪ್ಪು ಮಾಡಿದ. ಅದರಲ್ಲಿ ನನ್ನ ಪಾಲೂ ಇದೆ. ಎಷ್ಟು ಪಾಲು ಎಂದು ನಾನು ಬಹಳ ದಿನ ಯೋಚಿಸಲಿಲ್ಲ, ಯೋಚಿಸುವುದು ನನಗೆ ಬೇಕಿರಲಿಲ್ಲ.

ಒಂದು ವರ್ಷ, ಪೂರಿಮ್ ಹಬ್ಬದ ಸಂಜೆ. ನಮ್ಮ ಹಳೆಯ ಓದುಗ ಮಗನ ಜೊತೆ ಇರಲು ನದಿ ದಾಟಿ ಕಾಲ್‌ಫೀಲ್ಡ್ ಸೇರಿದ್ದ. ಆಗ ಒಬ್ಬೊಬ್ಬರಾಗಿ ಎಲ್ಲರೂ ಅತ್ತ ಕಡೆಗೇ ಹೊರಟಿದ್ದರು. ಅದೇ ಹೊತ್ತಿಗೆ ನಾರ್ತ್‌ಕೋಟ್‌ನ ಸಣ್ಣ ಶೂಲ್ ಮುಚ್ಚಿ, ಅಲ್ಲಿ ಇಪ್ಪತ್ತಾರು ವರ್ಷ ಓದಿದ್ದ ಅನ್ಶೆಲ್ ಬೋರೆನ್‌ಸ್ಟೈನ್ ನಮ್ಮಲ್ಲಿಗೆ ಬಂದರು. ಎಪ್ಪತ್ತು ದಾಟಿದವರು, ಮೆದು ಮಾತು, ಜೇನಿನಂಥ ಕಂಠ. ಹಬ್ಬಕ್ಕೆ ಓದುವ ಎಸ್ತೇರ್ ರಾಣಿಯ ಕಥೆಯ ಸುರುಳಿ ಈ ಸಲ ಅನ್ಶೆಲ್ ಓದಲಿ ಎಂದು ಎಲ್ಲರೂ ಅಂದರು. ಈ ಸಲವಾದರೂ ತನ್ನನ್ನು ಕೇಳುತ್ತಾರೆ ಎಂದು ಗೆಟ್ಸೆಲ್ ಕಾದಿದ್ದ. ಇದು ನನಗೆ ಗೊತ್ತಿತ್ತು. ಅದಕ್ಕೆಂದೇ ನನ್ನಲ್ಲಿ ಗಡ್ಡ ಒಪ್ಪ ಮಾಡಿಸಿಕೊಂಡಿದ್ದ.

ಪೂರಿಮ್ ಸಂಜೆ ಶೂಲ್ ಅಂದರೆ ಸಂತೆ. ಸುರುಳಿಯಲ್ಲಿ ಹಾಮಾನನ ಹೆಸರು ಬಂದಾಗಲೆಲ್ಲ ಗಿರಗಟ್ಟೆ ತಿರುಗಿಸಿ, ಕಾಲು ನೆಲಕ್ಕೆ ಕುಟ್ಟಿ, ಆ ಹೆಸರೇ ಕೇಳದ ಹಾಗೆ ಮಾಡಬೇಕು. ಹಿಂದಿನ ಕಾಲದಲ್ಲಿ ನಮ್ಮ ಜನರನ್ನೆಲ್ಲ ಒಂದೇ ದಿನದಲ್ಲಿ ಕೊಲ್ಲಿಸಲು ಹೊರಟವನ ಹೆಸರು ಅದು. ಉಳಿದ ಮಾತು ಮಾತ್ರ ಒಂದೂ ಬಿಡದೆ ಕಿವಿಗೆ ಬೀಳಬೇಕು.

ಅನ್ಶೆಲ್ ಚೆನ್ನಾಗಿಯೇ ಓದುತ್ತಿದ್ದರು. ಕಥೆ ಮುಗಿಯುತ್ತ ಬಂದಿತ್ತು. 'ಯಾರೂ ಅವರ ಮುಂದೆ ನಿಲ್ಲಲಿಲ್ಲ' ಎಂಬ ವಾಕ್ಯ ಬಂತು. ಅದರಲ್ಲಿ 'ಲಿಫ್ನೇಹೆಮ್' ಎಂದಿದೆ, ಅವರ ಮುಂದೆ ಅಂತ. ಅನ್ಶೆಲ್ 'ಬಿಫ್ನೇಹೆಮ್' ಎಂದರು, ಅವರ ಎದುರು ಅಂತ. ಅಳಿಯ ಅಲ್ಲ, ಮಗಳ ಗಂಡ. ಆದರೆ ಗೆಟ್ಸೆಲ್‌ನ ಅಂಗೈ ಮೇಜಿಗೆ ಬಿತ್ತು.

"ಲಿಫ್ನೇಹೆಮ್!"

ಅನ್ಶೆಲ್ ತಲೆಯೆತ್ತಿ ಅವನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಗೆಟ್ಸೆಲ್ ಇನ್ನೊಮ್ಮೆ ಕುಟ್ಟಿದ. "ಲಿಫ್ನೇಹೆಮ್! ಮೊದಲಿಂದ ಓದಿ!"

ಇಡೀ ಶೂಲ್ ಗಪ್‌ಚಿಪ್. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ನಾನು ಗಿರಗಟ್ಟೆ ಎತ್ತಿ ಕರಕರ ತಿರುಗಿಸಿಬಿಟ್ಟೆ. ಮಕ್ಕಳಿಗೆ ಅಷ್ಟೇ ಸಾಕಿತ್ತು. ಗಂಡಸರೂ ಸೇರಿದರು. ಹಾಮಾನನಿಗೆ ಮಾಡಬೇಕಾದ ಗದ್ದಲವನ್ನು ನಾವೆಲ್ಲ ಆ ಮುದುಕರ ಮುಖಕ್ಕೆ ಮಾಡಿದೆವು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪೂರಿಮ್ ತಾನೇ, ಎಲ್ಲ ನಡೆಯುತ್ತದೆ ಎಂದುಕೊಂಡೆವು. ಗದ್ದಲ ನಿಂತ ಮೇಲೆ ಅನ್ಶೆಲ್ ತಲೆ ತಗ್ಗಿಸಿ 'ಲಿಫ್ನೇಹೆಮ್' ಎಂದು ಓದಿ ಮುಂದಕ್ಕೆ ಹೋದರು. ಆಮೇಲಿನದು ಹಿಂದಿನ ಬೆಂಚಿನವರಿಗೆ ಕೇಳಿಸಲೇ ಇಲ್ಲವಂತೆ.

ಹಬ್ಬದ ಮೊದಲಿನ ಹಗಲೆಲ್ಲ ಉಪವಾಸವಿದ್ದು, ಓದು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಉಣ್ಣುವುದು ನಮ್ಮ ರೂಢಿ. ಅವತ್ತು ಅವರು ನಮ್ಮ ಜೊತೆ ಉಪವಾಸ ಬಿಡದೆ ಮನೆಗೆ ಹೋದರು. ಮತ್ತೆ ಎಂದೂ ಓದಲಿಲ್ಲ. ಶನಿವಾರ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಹೋಗುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಅಷ್ಟಕ್ಕೇ ಸುಮ್ಮನಾಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾರನೆಯ ವಾರ ಅಂಗಡಿಯಲ್ಲಿ, "ನೋಡ್ರಪ್ಪ, ಬಿಫ್ನೇಹೆಮ್ ಸಾಹೇಬರು ಟ್ರಾಮ್ ಹತ್ತುತ್ತಾ ಇದಾರೆ, ಮುಂದಿನ ಬಾಗಿಲೋ ಎದುರಿನ ಬಾಗಿಲೋ ಕೇಳಿ" ಅಂದೆ. ಕುರ್ಚಿಯಲ್ಲಿದ್ದವನು ನಕ್ಕ. ಹೆಸರು ಅಂಟಿತು. ಬೇಸಿಗೆ ಬರುವಷ್ಟರಲ್ಲಿ ರಸ್ತೆಯ ಮಕ್ಕಳೂ ಅವರನ್ನು ಹಾಗೇ ಕರೆಯುತ್ತಿದ್ದರು.

ಮಾರನೆಯ ವರ್ಷದ ಪೂರಿಮ್‌ಗೆ ಮೂರು ವಾರ ಇರುವಾಗ ಅನ್ಶೆಲ್ ನಿದ್ದೆಯಲ್ಲೇ ಹೋಗಿಬಿಟ್ಟರು.

ಸಾವಿನ ಸೂತಕ ಒಂದು ಕಡೆ, ಹಬ್ಬ ಒಂದು ಕಡೆ. ಪೂರಿಮ್ ಬರುವ ಆದರ್ ತಿಂಗಳಲ್ಲಿ ಸಂತೋಷಪಡಲೇಬೇಕು ಎಂದು ನಮ್ಮಲ್ಲಿ ಕಟ್ಟಳೆ. ಊಟ ಇರಲಿ, ಅಕಾರ್ಡಿಯನ್ ಬೇಡ ಎಂದು ತೀರ್ಮಾನವಾಯಿತು. ಹೆಂಗಸರು ಶೂಲ್‌ನ ಹಿಂದಿನ ಅಡುಗೆಮನೆಯಲ್ಲಿ ಗಸಗಸೆ ಅರೆಯುತ್ತ, ಮೂರು ಮೂಲೆಯ ಬಿಸ್ಕತ್ತು ಮಡಚುತ್ತ, ನಡುನಡುವೆ ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಶೂಲ್‌ನ ಅಧ್ಯಕ್ಷ, ಕಸಾಯಿ ಅಂಗಡಿಯ ಫೈವಿಶ್, ಗೆಟ್ಸೆಲ್‌ನನ್ನು ಹುಡುಕಿಕೊಂಡು ನನ್ನ ಅಂಗಡಿಗೇ ಬಂದ.

"ಗೆಟ್ಸೆಲ್, ಈ ಸಲ ನೀನೇ ಓದಬೇಕು. ಇನ್ಯಾರಿದಾರೆ ಹೇಳು? ನೀನು ಓದಿದ್ರೆ ಕುಟ್ಟೋರೇ ಇರಲ್ಲ, ಬೇಗ ಮುಗಿದು ಊಟಕ್ಕೆ ಹೋಗಬಹುದು."

ಗೆಟ್ಸೆಲ್‌ನ ಮುಖ ಅರಳಿದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಇಷ್ಟು ವರ್ಷ ಬೇರೆಯವರ ಪಕ್ಕದಲ್ಲಿ ನಿಂತವನಿಗೆ ಕೊನೆಗೂ ನಡುವಿನ ಜಾಗ ಸಿಕ್ಕಿತ್ತು.

ರಾಗ ರೂಢಿಮಾಡಿಕೊಳ್ಳಲು ಪುಸ್ತಕ ಬೇಕಾಯಿತು. ಅನ್ಶೆಲ್ ಅಭ್ಯಾಸ ಮಾಡುತ್ತಿದ್ದ ಹಳೆಯ ಪುಸ್ತಕ ಶೂಲ್‌ನ ಕಪಾಟಿನಲ್ಲೇ ಉಳಿದಿತ್ತು. ಗೆಟ್ಸೆಲ್ ಅದನ್ನೇ ಮನೆಗೆ ಒಯ್ದ. ಎರಡು ದಿನ ಕಳೆದ ಮೇಲೆ, ಬೆಳಿಗ್ಗೆ ನಾನು ಅಂಗಡಿಯ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ. ಕಾರ್ಖಾನೆಗೆ ಹೋಗಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವನು ರಜೆ ಹಾಕಿದ್ದು ಹೆಂಡತಿ ಸತ್ತಾಗ ಮಾತ್ರ.

"ಹೆನೆಕ್, ಇದನ್ನ ಓದು" ಎಂದು ಪುಸ್ತಕ ಚಾಚಿದ. ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿತ್ತು: 'ಎರಡೂ. ಮೊದಲು ಬಿ, ಆಮೇಲೆ ಲಿ. ಅಪ್ಪ ಓದುತ್ತಿದ್ದ ಹಾಗೆ.'

"ಅಂದ್ರೆ?" ಅಂದೆ.

"ನಿನ್ನೆ ನದಿ ದಾಟಿ ರಬ್ಬಿ ಗುರುಗಳನ್ನ ಕೇಳಿ ಬಂದೆ. ಹಳೇ ಕಾಲದಿಂದ್ಲೂ ಆ ಜಾಗದಲ್ಲಿ ಎರಡು ಪಾಠ ಇದೆಯಂತೆ. ಯಾವುದು ಸರಿ ಅಂತ ಗೊತ್ತಿಲ್ಲದೆ ಎಷ್ಟೋ ಊರಲ್ಲಿ ಎರಡನ್ನೂ ಓದ್ತಾರಂತೆ, ಒಂದಾದ ಮೇಲೆ ಒಂದು. ನಮ್ಮೂರಲ್ಲಿ ಒಂದೇ ಓದ್ತಿದ್ರು ಕಣೋ. ನಾನು ಕೇಳಿರಲೇ ಇಲ್ಲ. ಅವರು ಎರಡನೇದು ಓದೋಕೆ ಉಸಿರು ಎಳ್ಕೊಳ್ತಾ ಇದ್ರು, ನಾನು ಕುಟ್ಟಿಬಿಟ್ಟೆ."

"ಹೋಗ್ಲಿ ಬಿಡು, ಗೊತ್ತಿಲ್ದೆ ಆಗಿದ್ದು."

"ಗೊತ್ತಿಲ್ದೆ? ರಬ್ಬಿಗಳು ಇನ್ನೊಂದು ಮಾತೂ ಹೇಳಿದ್ರು. ಅದು ನಿಜವಾಗ್ಲೂ ತಪ್ಪೇ ಆಗಿದ್ರೂ, ಅರ್ಥ ಕೆಡದ ತಪ್ಪಿಗೆ ಓದೋನನ್ನ ತಡೀಬಾರದಂತೆ. ಇದು ನನಗೆ ಗೊತ್ತಿತ್ತು, ಹೆನೆಕ್. ಚೆನ್ನಾಗಿ ಗೊತ್ತಿತ್ತು. ಆದ್ರೂ ಕುಟ್ಟಿದೆ. ನನ್ನ ಜಾಗದಲ್ಲಿ ಅವರು ನಿಂತಿದ್ರು ಅಂತ ಕುಟ್ಟಿದೆ." ಕೈಯನ್ನು ಬೇರೆಯವರದೇನೋ ಎಂಬಂತೆ ನೋಡಿಕೊಂಡ. "ಒಳ್ಳೇ ಚೀಲ ತಗೊಂಡು ತಪ್ಪಿನ ಬುಟ್ಟಿಗೆ ಎಸೆದೆ."

ಅವನು ಗಿರಗಟ್ಟೆಯ ಮಾತೆತ್ತುತ್ತಾನೆ ಎಂದು ನಾನು ಕಾದೆ. ಎತ್ತಲಿಲ್ಲ. ನನಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಕುಟ್ಟಿದವನು ಅವನು, ಕೂಗಿದವನು ಅವನು, ನನ್ನದೇನು ಬರೀ ತಮಾಷೆ ಎಂದು ಒಳಗೊಳಗೇ ಲೆಕ್ಕ ಚುಕ್ತಾ ಮಾಡಿಕೊಂಡೆ.

ಒಬ್ಬನೇ ಹೋಗಲು ಹೆದರಿಕೆ ಎಂದು ಅವನು ನನ್ನನ್ನು ಎಳೆದುಕೊಂಡು ಅನ್ಶೆಲ್ ಅವರ ಹೆಂಡತಿ ಗೇನ್ಯಾರ ಮನೆಗೆ ಹೋದ. ಮೊದಲ ವಾರದ ಸೂತಕಕ್ಕೆಂದು ಕನ್ನಡಿಗೆ ಮುಚ್ಚಿದ್ದ ಬಟ್ಟೆ ತೆಗೆದಿದ್ದರು, ಆದರೆ ತಿಂಗಳಿನ ಸೂತಕ ಇನ್ನೂ ಇತ್ತು. ಗೇನ್ಯಾ ಅಡುಗೆಮನೆಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದರು.

"ಸೂತಕದವಳಿಗೆ ಯಾರೂ ಹಬ್ಬದ ತಿಂಡಿ ಕಳಿಸೋ ಹಾಗಿಲ್ಲ, ಆದ್ರೆ ಸೂತಕದವಳು ಕಳಿಸಲೇಬೇಕು. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆನೋ! ಕೂತ್ಕೊಳ್ಳಿ ಇಬ್ರೂ" ಅಂದರು.

ಗೆಟ್ಸೆಲ್ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ, ಪುಸ್ತಕ ತೆರೆದು ತೋರಿಸಿದ. ಗೇನ್ಯಾ ಪೆನ್ಸಿಲ್ಲಿನ ಬರಹವನ್ನು ಹಿಟ್ಟಿನ ಬೆರಳು ತಾಗದ ಹಾಗೆ ದೂರದಿಂದ ನೋಡಿದರು. ಲಟ್ಟಣಿಗೆ ಪಕ್ಕಕ್ಕಿಟ್ಟರು.

"ನನಗೆ ಗೊತ್ತು" ಅಂದರು.

"ನಿಮಗೆ ಗೊತ್ತಿತ್ತಾ?"

"ಅವತ್ತು ಮನೆಗೆ ಬಂದ ಕೂಡ್ಲೇ ಕೇಳಿದೆ, ನೀವು ಎರಡೂ ಓದೋರು ತಾನೆ, ಬಾಯಿ ಬಿಟ್ಟು ಹೇಳಬಾರದಾಗಿತ್ತಾ ಅಂತ. 'ಹೇಳಬಹುದಿತ್ತು ಗೇನ್ಯಾ, ಆದ್ರೆ ಹೇಳಿದ್ರೆ ಗೆಟ್ಸೆಲ್ ತಪ್ಪು ಅಂತ ಆಗ್ತಿತ್ತು, ಅವನ ಶೂಲ್‌ನಲ್ಲಿ, ಅವನ ಜನರ ಮುಂದೆ. ನಾನು ನಿನ್ನೆ ಮೊನ್ನೆ ಬಂದವನು. ಅವನಿಗೆ ಇರೋದು ಆ ಕಿವಿ ಒಂದೇ. ಅದನ್ನ ಯಾಕೆ ಕಿತ್ಕೊಳ್ಳಲಿ' ಅಂದ್ರು."

ಗೆಟ್ಸೆಲ್ ಪುಸ್ತಕ ಮುಚ್ಚಿದ. ಯಾರನ್ನಾದರೂ ಹತ್ತು ಜನರ ಮುಂದೆ ನಾಚಿಕೆಯಿಂದ ಬಿಳಿಚುವಂತೆ ಮಾಡಿದರೆ ರಕ್ತ ಚೆಲ್ಲಿದ ಹಾಗೆ ಎಂದು ನಮಗೆ ಎಳವೆಯಲ್ಲೇ ಕಲಿಸಿರುತ್ತಾರೆ. ನಾವಿಬ್ಬರೂ ಕಲಿತಿದ್ದೆವು. ಪಾಲಿಸಿದವರು ಅನ್ಶೆಲ್ ಒಬ್ಬರೇ.

"ನನ್ನನ್ನ ಕ್ಷಮಿಸಿ ತಾಯಿ" ಅಂದ ಗೆಟ್ಸೆಲ್.

"ನಾನು ಯಾರು ಕ್ಷಮಿಸೋಕೆ? ಮಾಡಿದ್ದು ಅವರಿಗೆ, ಅವರನ್ನೇ ಹೋಗಿ ಕೇಳಿ. ನೀವು ಕುಟ್ಟಿದ್ದು ಅವರು ಒಂದು ವಾರದಲ್ಲಿ ಮರೆತ್ರು, ಗೆಟ್ಸೆಲ್. ಮರೆಯೋಕಾಗದೇ ಇದ್ದಿದ್ದು ಆ ಗಿರಗಟ್ಟೆ. 'ನನ್ನನ್ನ ಹಾಮಾನ ಮಾಡಿಬಿಟ್ರು' ಅಂತ ಕನವರಿಸ್ತಿದ್ರು. ಆಮೇಲೆ ಆ ಅಡ್ಡಹೆಸರು ಬೇರೆ. ಮಾಂಸ ತರೋಕೆ ಹೋದ್ರೆ ನನ್ನ ಬೆನ್ನ ಹಿಂದೆ 'ಬಿಫ್ನೇಹೆಮ್ ಹೆಂಡ್ತಿ' ಅಂತಿದ್ರು." ನಮ್ಮಿಬ್ಬರನ್ನೂ ನೇರವಾಗಿ ನೋಡಿದರು. "ನಾನು ಮೇಲಿನ ಹೆಂಗಸರ ಸಾಲಲ್ಲಿದ್ದೆ, ಕಾಣಿಸಲಿಲ್ಲ. ಮೊದಲು ತಿರುಗಿಸಿದ್ದು ಯಾರು?"

ಯಾವತ್ತೂ ಬಿಡುವಿಲ್ಲದ ಎಲುಬಿಲ್ಲದ ನಾಲಿಗೆಯ ನಾನು ಅವರು ಪಕ್ಕಕ್ಕಿಟ್ಟ ಲಟ್ಟಣಿಗೆಯ ಮೇಲೆ ಕಣ್ಣು ನೆಟ್ಟೆ.

ಗೆಟ್ಸೆಲ್‌ಗೆ ಗೊತ್ತಿತ್ತು. ಅವತ್ತು ನಾನು ಅವನಿಂದ ಮೂರು ಮಾರು ದೂರದಲ್ಲಿ ನಿಂತಿದ್ದೆ. ಅಡ್ಡಹೆಸರು ಹುಟ್ಟಿದಾಗ ಕುರ್ಚಿಯಲ್ಲಿ ಕೂತು ನಕ್ಕವನೂ ಅವನೇ. ಹುಟ್ಟಿದಂದಿನಿಂದ ಯಾರ ತಪ್ಪನ್ನೂ ಬಿಡದ ಗೆಟ್ಸೆಲ್ ತಲೆ ತಗ್ಗಿಸಿ ಹೇಳಿದ: "ನನಗೂ ಕಾಣಿಸಲಿಲ್ಲ ತಾಯಿ. ನನ್ನ ಕಣ್ಣು ಸುರುಳಿ ಮೇಲಿತ್ತು."

ಅದಕ್ಕಿಂತ ಅವನು ನನ್ನ ಕೆನ್ನೆಗೆ ಬಾರಿಸಿದ್ದರೆ ಹಿತವಾಗಿರುತ್ತಿತ್ತು. ನಾನೇ ಎಂದು ಹೇಳಲು ಆ ಕ್ಷಣವೇ ಸಾಕಿತ್ತು. ಹೇಳಲಿಲ್ಲ. ಹಿಟ್ಟು ಚೆನ್ನಾಗಿ ಹದವಾಗಿ ಬಂದಿದೆ ಅಂದೆ.

ಸತ್ತವರಿಗೆ ಮಾಡಿದ ತಪ್ಪಿಗೆ ನಮ್ಮಲ್ಲಿ ಒಂದೇ ದಾರಿ. ಹತ್ತು ಜನ ಗಂಡಸರನ್ನು ಕರೆದುಕೊಂಡು ಸಮಾಧಿಗೆ ಹೋಗಬೇಕು. ಬರಿಗಾಲಲ್ಲಿ ನಿಂತು, ಮಾಡಿದ್ದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಆ ಹತ್ತು ಜನ ಸತ್ತವರ ಪರವಾಗಿ 'ಕ್ಷಮೆ ಇದೆ ನಿನಗೆ' ಎಂದು ಮೂರು ಸಲ ಅನ್ನಬೇಕು. ಪೂರಿಮ್‌ನ ಓದು ಶುರುವಾಗುವುದು ಸಂಜೆಗೆ; ಅದರ ಮೊದಲಿನ ಹಗಲು ಉಪವಾಸ, ಅವತ್ತು ಸಮಾಧಿಗೆ ಹೋಗುವ ರೂಢಿಯೂ ಇದೆ. ಅವತ್ತೇ ಎಂದು ಗೆಟ್ಸೆಲ್ ನಿಶ್ಚಯಿಸಿದ. ಹೇಳಿಬಿಟ್ಟರೆ ಅವನ ಕಿವಿಯ ಹೆಸರು ಅಲ್ಲಿಗೆ ಮುಗಿಯಿತು. ಓದುವ ಜಾಗವೂ ಕೈತಪ್ಪಬಹುದು. ಫೈವಿಶ್ ತಲೆ ಚಚ್ಚಿಕೊಂಡ.

"ಹಬ್ಬದ ಹಿಂದಿನ ದಿನ ಊರೆಲ್ಲ ಕರ್ಕೊಂಡು ಹೋಗಿ ಡಂಗುರ ಹೊಡೀಬೇಕೇನೋ? ನೀನೊಬ್ನೇ ಹೋಗಿ ಪಿಸುಗುಟ್ಟಿ ಬಾ. ಸತ್ತೋರಿಗೆ ಕಿವಿ ಚುರುಕಾಗಿರತ್ತೆ."

"ಕೂಗಿದ್ದು ಪಿಸುಗುಟ್ಟಿ ಅಲ್ವಲ್ಲ" ಅಂದ ಗೆಟ್ಸೆಲ್.

ಹತ್ತು ಜನರನ್ನು ಹೊಂದಿಸುವಷ್ಟರಲ್ಲಿ ಸಾಕುಸಾಕಾಯಿತು. ಕೆಲಸದ ದಿನ. ಹೊಟ್ಟೆಗಿಲ್ಲದೆ ಮೂವತ್ತೈದು ಡಿಗ್ರಿ ಬಿಸಿಲು. ಇಬ್ಬರು ಅಣ್ಣತಮ್ಮಂದಿರು ಖುಷಿಯಿಂದ ಒಪ್ಪಿದರು, ಆಮೇಲೆ ತಾವು ಪುರೋಹಿತರ ವಂಶ, ಸಮಾಧಿಯ ಹತ್ತಿರ ಸುಳಿಯುವಂತಿಲ್ಲ ಎಂದು ನೆನಪಾಯಿತು. "ಗೇಟಿನ ಹೊರಗೆ ನಿಂತು ಕ್ಷಮಿಸಿದ್ರೆ ನಡೆಯಲ್ವಾ?" ಎಂದು ದೊಡ್ಡವನು ಕೇಳಿದ. ಕೊನೆಗೆ ಒಂಬತ್ತು ಜನ ಸಿಕ್ಕರು. ಗೆಟ್ಸೆಲ್ ನನ್ನ ಹತ್ತಿರ ಬಂದ.

"ಹತ್ತನೆಯವನು ನೀನು."

"ನನ್ನನ್ನ ಬಿಟ್ಟುಬಿಡೋ. ಅಂಗಡಿ ಇದೆ, ಹಬ್ಬದ ಗಿರಾಕಿ."

"ನೀನು ಬರದಿದ್ರೆ ಹತ್ತಾಗಲ್ಲ, ಹೆನೆಕ್" ಅಂದ. ಅಷ್ಟೇ. ಇನ್ನೊಂದು ಮಾತು ಆಡಿದ್ದರೆ ಜಗಳ ತೆಗೆದು ತಪ್ಪಿಸಿಕೊಳ್ಳುತ್ತಿದ್ದೆ. ಅವನು ಆಡಲಿಲ್ಲ.

ಮೂರು ಕಾರು ಮಾಡಿಕೊಂಡು ಸ್ಪ್ರಿಂಗ್‌ವೇಲ್‌ನ ಸ್ಮಶಾನಕ್ಕೆ ಹೋದೆವು. ಗೇನ್ಯಾ ತಾವೂ ಬರುತ್ತೇನೆಂದು ಫೈವಿಶ್‌ನ ಹೋಲ್ಡನ್ ಕಾರಿನಲ್ಲಿ ಕೂತರು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಸಮಾಧಿಗೆ ಇನ್ನೂ ಕಲ್ಲು ಇಟ್ಟಿರಲಿಲ್ಲ, ಮಣ್ಣಿನ ದಿಬ್ಬ, ಹೆಸರಿನ ಒಂದು ತಗಡು. ನೊಣ ಮುತ್ತುತ್ತಿದ್ದವು. ಗೆಟ್ಸೆಲ್ ಬೂಟು ಬಿಚ್ಚಿ, ಕಾಲುಚೀಲ ಮಡಚಿ ಅದರೊಳಗಿಟ್ಟು, ಕಾದ ಜಲ್ಲಿಯ ಮೇಲೆ ನಿಂತ. ಅವನ ಪಾದ ಎಷ್ಟು ಬೆಳ್ಳಗಿದ್ದವು.

"ಇಸ್ರಾಯೇಲಿನ ದೇವರಿಗೂ, ಯೆರಹ್ಮಿಯೇಲರ ಮಗ ಅನ್ಶೆಲ್‌ಗೂ ನಾನು ಪಾಪ ಮಾಡಿದೀನಿ. ಅವರು ಓದಿದ್ದು ಸರಿ ಇತ್ತು. ತಪ್ಪು ನನ್ನದು. ಹೊಟ್ಟೆಕಿಚ್ಚಿಗೆ ಕುಟ್ಟಿದೆ. ಎಲ್ಲರ ಮುಂದೆ ಅವರ ಮಾನ ಕಳೆದೆ." ಅವನ ದನಿ ಗಟ್ಟಿಯಾಗಿತ್ತು, ಮೇಜು ಕುಟ್ಟಿ ಹೇಳುವಾಗಿನ ದನಿಯೇ.

ಫೈವಿಶ್ ನೆಲ ನೋಡುತ್ತಿದ್ದ. ಹತ್ತೂ ಜನ ನೆಲವನ್ನೇ ನೋಡುತ್ತಿದ್ದೆವು. "ಕ್ಷಮೆ ಇದೆ ನಿನಗೆ" ಎಂದು ಮೂರು ಸಲ ಅಂದೆವು. ನಾನೂ ಅಂದೆ. ಅನ್ಶೆಲ್ ಅವರ ಬಾಯಾಗಿ ನಾನು ಕ್ಷಮಿಸುತ್ತಿದ್ದೆ. ಯಾವ ಮುಖ ಹೊತ್ತುಕೊಂಡು ಯಾರ ಪರವಾಗಿ ಮಾತಾಡುತ್ತಿದ್ದೇನೆ?

ಗೆಟ್ಸೆಲ್ ಬೂಟು ಹಾಕಿಕೊಳ್ಳಲು ಬಗ್ಗಿದ. ಎಲ್ಲರೂ ಹೊರಡಲು ತಿರುಗಿದರು. ನಾನು ಕೂತು ಲೇಸು ಬಿಚ್ಚತೊಡಗಿದೆ.

"ಬೂಟಲ್ಲಿ ಕಲ್ಲು ಸೇರ್ಕೊಂಡಿತಾ?" ಅಂದ ಫೈವಿಶ್.

ನಾನು ಬರಿಗಾಲಲ್ಲಿ ಎದ್ದು ದಿಬ್ಬದ ಹತ್ತಿರ ಹೋಗಿ ನಿಂತೆ. ಗೆಟ್ಸೆಲ್ ನನ್ನನ್ನು ನೋಡಿದ. ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದು, ನಾನು ಖಾಲಿ ಮಾಡಿದ ಜಾಗದಲ್ಲಿ ಹತ್ತನೆಯವನಾಗಿ ನಿಂತುಕೊಂಡ.

"ಯೆರಹ್ಮಿಯೇಲರ ಮಗ ಅನ್ಶೆಲ್‌ಗೆ ನಾನು ಪಾಪ ಮಾಡಿದೀನಿ. ಮೊದಲು ಗಿರಗಟ್ಟೆ ತಿರುಗಿಸಿದ್ದು ನಾನು. ಆ ಹೆಸರು ಇಟ್ಟಿದ್ದೂ ನಾನು." ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಯಾರೂ ನಗಲಿಲ್ಲ.

"ಕ್ಷಮೆ ಇದೆ ನಿನಗೆ" ಅಂದರು ಹತ್ತು ಜನ, ಮೂರು ಸಲ. ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಗೆಟ್ಸೆಲ್‌ನ ದನಿ.

ಗೇನ್ಯಾ ದಾರಿಯ ಅಂಚಿನಲ್ಲಿ ನಿಂತು ಎಲ್ಲವನ್ನೂ ಕೇಳಿದ್ದರು. ಅವರು ಹತ್ತಿರ ಬಂದಾಗ ನಾನು ತಲೆ ಎತ್ತಲಿಲ್ಲ. ಮೊದಲು ಗೆಟ್ಸೆಲ್ ಕಡೆ ತಿರುಗಿದರು. "ಸಂಜೆ ನೀವೇ ಓದಿ. ಎರಡೂ ಓದಿ" ಅಂದರು. ಆಮೇಲೆ ನನ್ನ ಪಾದ ನೋಡಿದರು.

"ಬೂಟು ಹಾಕ್ಕೊಳ್ಳಿ ಹೆನೆಕ್. ನೆಲ ಸುಡ್ತಿದೆ."

ಅಷ್ಟು ಹೇಳಿ, ಕೈ ತೊಳೆಯಲು ನಲ್ಲಿಯ ಕಡೆ ಹೋದರು. ಕ್ಷಮಿಸಿದೆ ಅನ್ನಲಿಲ್ಲ. ಅದಾಗಿ ಹನ್ನೊಂದು ವರ್ಷವಾಯಿತು, ಪ್ರತಿ ಪೂರಿಮ್‌ಗೂ ಅವರ ಮನೆಯಿಂದ ನನಗೆ ಗಸಗಸೆ ಬಿಸ್ಕತ್ತು ಬರುತ್ತದೆ. ಆ ಮಾತೊಂದು ಇನ್ನೂ ಬಂದಿಲ್ಲ.